ಅಸ್ತರದಂಗಡಿಯ ಅಕ್ಕ

ಬಸವಕಲ್ಯಾಣದ ಪೇಟೆಯಲ್ಲಿ ಅಸ್ತರ, ದಾರ, ಗುಂಡಿ ಮಾರುವ ಸಣ್ಣ ಅಂಗಡಿ ಆಕೆಯದು. ಹೊಲಿಗೆಯ ಹೆಂಗಸರೆಲ್ಲ ಆಕೆಯನ್ನು ಅಕ್ಕ ಅನ್ನುತ್ತಿದ್ದೆವು. ಯಾರು ಏನು ಕೇಳಿದರೂ ಅಕ್ಕ ಬಟ್ಟೆಯ ತುಂಡೊಂದನ್ನು ಮುಂದಿಟ್ಟು, “ಕೈಗೇ ಕೇಳ್ರಿ” ಅನ್ನುತ್ತಿದ್ದರು.

ಹುಮನಾಬಾದಿನ ಟೀಚರುಗಳು ನನಗೆ ಹನ್ನೆರಡು ಕೈಚೀಲ ಹೊಲಿಯಲು ಹೇಳಿದ್ದರು. ಅದು ನನ್ನ ಮೊದಲ ದೊಡ್ಡ ಕೆಲಸ. ಚೀಲ ನೆಟ್ಟಗೆ ನಿಲ್ಲಲೆಂದು, ಒಳಗೆ ಹಾಕಲು ಅಂಗಿಯ ಕಾಲರು ಬಿಗಿಯಾಗಿರಲು ಹಾಕುವ ದಪ್ಪ ಬಟ್ಟೆ, ಬಕ್ರಮ್ ಕೇಳಿದೆ.

“ಚೀಲ ಹೊಲ್ಯಾಕತ್ತೀರೋ, ಡಬ್ಬಿ ಮಾಡಾಕತ್ತೀರೋ? ಕೈಗೇ ಕೇಳ್ರಿ.”

ಅಕ್ಕ ಮುಂದಿಟ್ಟ ಎರಡು ಬಗೆಯ ತುಂಡುಗಳನ್ನು ಮುಷ್ಟಿಯಲ್ಲಿ ಹಿಸುಕಿದೆ. ಬಕ್ರಮ್ ಮಡಿಕೆಬಿದ್ದು ಹಾಗೇ ಉಳಿಯಿತು. ಇಸ್ತ್ರಿ ಮಾಡಿ ಅಂಟಿಸುವ ಮೆತ್ತನೆಯ ಕ್ಯಾನ್ವಾಸು ಮುಷ್ಟಿ ಬಿಚ್ಚಿದ ಕೂಡಲೇ ಅರಳಿತು.

“ಇದು ಭಾರ ತಡಿತದೇನ್ರಿ?”

ಅಕ್ಕ ಆ ಕ್ಯಾನ್ವಾಸು ಹಾಕಿ ಅಲ್ಲೇ ಒಂದು ಚೀಲ ಹೊಲಿದರು. ಅದರಲ್ಲಿ ದೊಡ್ಡದೊಂದು ಕಲ್ಲಂಗಡಿ, ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟು, “ಬಸ್ ಸ್ಟ್ಯಾಂಡ್ ತನಕ ಹೋಗಿ ಬರ್ರಿ” ಅಂದರು.

ಹೋದೆ. ಪೇಟೆಯೆಲ್ಲ ನೋಡಿ ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ. ಚೀಲದ ಹಿಡಿಕೆ ಮಾತ್ರ ಎಳೆಯಷ್ಟೂ ಬಿಡಲಿಲ್ಲ.

ಬೆವರುತ್ತ ಮರಳಿ, “ತಡೀತ್ರಿ ಅಕ್ಕಾ” ಅಂದೆ.

“ನಂಗ ಗೊತ್ತದ” ಅಂದರು. ಹನ್ನೆರಡು ಚೀಲದ ಕ್ಯಾನ್ವಾಸು ಆಗಲೇ ಕತ್ತರಿಸಿ ಸುತ್ತಿಟ್ಟಿದ್ದರು. ಕೈಯಲ್ಲಿ ಚಾಕು ಹಿಡಿದು ಕಲ್ಲಂಗಡಿಗಾಗಿ ಕಾಯುತ್ತಿದ್ದರು.