ನಾಲ್ಕು ಬಾಗಿಲ ಗಾಡಿ

ಟೆಂಪೋದಿಂದ ಇಳಿದಾಗ ಓನರಮ್ಮನ ಎರಡೂ ಅಂಗೈಗಳಲ್ಲಿ ಕಬ್ಬಿಣದ ಸರಳಿನ ಅಚ್ಚು ಕೆಂಪಗೆ ಎದ್ದಿರುತ್ತಿತ್ತು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಟವೆಲ್ ಸುತ್ತಿ, ಗೊಬ್ಬರದ ವಾಸನೆಯ ಸಮೇತ ಹಿಂಬದಿಯಿಂದ ಧೊಪ್ಪನೆ ನೆಲಕ್ಕೆ ಇಳಿಯುವರು. ಇಳಿದವರೇ ಕೈಗಳನ್ನು ಒಂದಕ್ಕೊಂದು ಉಜ್ಜಿಕೊಂಡು, "ಬಂದ್ಯಾ? ಕಾಫಿ ಆಯ್ತಾ?" ಎಂದು ನನ್ನನ್ನು ಕೇಳುವರು. ಐವತ್ತರ ಹೆಂಗಸು, ಕತ್ರಿಗುಪ್ಪೆಯಲ್ಲಿ ಮೂರು ಮನೆಗಳ ಒಡತಿ, ಹೂವಿನ ಕುಂಡಗಳ ನಡುವೆ ತಾನೂ ಒಂದು ಕುಂಡದಂತೆ ಕೂತು ಬರುವುದನ್ನು ಮೊದಲ ಸಲ ನೋಡಿದಾಗ, ಈಕೆ ಮಹಾ ಜಿಪುಣಿ ಇರಬೇಕೆಂದು ತೀರ್ಮಾನಿಸಿಬಿಟ್ಟಿದ್ದೆ. ನನಗೆ ತೀರ್ಮಾನಗಳು ಬಹಳ ಬೇಗ ಬರುತ್ತವೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಗದಗಿನ ಕಡೆಯವಳು. ಜಯನಗರದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿ ಬಂದು, ಅವರ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರದು ಅಲ್ಲಿಯದೇ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಬಡಾವಣೆಯಾಗಿ ಹೋಗಿ, ಕನಕಪುರ ರಸ್ತೆಯಾಚೆ ಗುಡ್ಡದ ಮೇಲೆ ಒಂದು ತುಂಡು ಜಮೀನು ಉಳಿದಿತ್ತು. ಗಂಡ ತೀರಿಕೊಂಡ ಮೇಲೆ ಅಲ್ಲಿ ಗಿಡ ಬೆಳೆಸಿ, ರಿಂಗ್ ರೋಡಿನ ಪಕ್ಕದ ಖಾಲಿ ಸೈಟಿನಲ್ಲಿ ನರ್ಸರಿ ನಡೆಸುತ್ತಿದ್ದರು. ನಾಲ್ವರು ಹೆಂಗಸರು ಅವರ ಬಳಿ ಕೆಲಸಕ್ಕಿದ್ದರು. ಬೆಳಿಗ್ಗೆ ಎಲ್ಲರೂ ಗುಡ್ಡಕ್ಕೆ ಹೋಗಿ, ಗಿಡ ಹೇರಿಕೊಂಡು, ಮಧ್ಯಾಹ್ನದ ಹೊತ್ತಿಗೆ ನರ್ಸರಿಗೆ ಬಂದು, ಸಂಜೆ ಉಳಿದ ಕುಂಡಗಳೊಂದಿಗೆ ಮನೆಗೆ ಮರಳುವರು. ಗುಡ್ಡದ ದಾರಿಗೆ ಬಸ್ಸಿಲ್ಲ, ಬಾಡಿಗೆ ಟೆಂಪೋ ಒಂದೇ ಗತಿ. ಅದರಲ್ಲಿ ಡ್ರೈವರನ ಪಕ್ಕ ಒಂದೇ ಸೀಟು.

ಆ ಸೀಟಿನಲ್ಲಿ ಕೂರುತ್ತಿದ್ದವಳು ಪಿಳ್ಳಮ್ಮ, ನಾಲ್ವರಲ್ಲಿ ಹಿರಿಯಳು. ಯಜಮಾನಿ ಹಿಂದೆ, ಆಳು ಮುಂದೆ. ನನಗೆ ತಡೆಯಲಾಗದೆ ಒಂದು ಭಾನುವಾರ ಕೇಳಿಯೇಬಿಟ್ಟೆ: "ಅಮ್ಮಾರ, ನೀವ್ಯಾಕ್ರೀ ಹಿಂದ ಕುಂದರ್ತೀರಿ?"

ಅವರು ನಕ್ಕರು. "ನಿಮ್ ಕಡೆಯೋರು ವಿಚಾರಿಸಿದ್ರೂ ಜಗಳಕ್ಕೆ ಬಂದಂಗಿರುತ್ತೆ ಕಣೇ." ಆಮೇಲೆ ನಗು ನಿಲ್ಲಿಸಿ ಹೇಳಿದರು. ನಾನು ಬರುವುದಕ್ಕೆ ಸ್ವಲ್ಪ ಮೊದಲು, ಒಂದು ಉಬ್ಬಿನ ಮೇಲೆ ಟೆಂಪೋ ಎಗರಿದಾಗ, ಎತ್ತರದ ಗಿಡಗಳನ್ನು ತಬ್ಬಿ ನಿಂತಿದ್ದ ಪಿಳ್ಳಮ್ಮ ಹಿಂದಿನಿಂದ ರಸ್ತೆಗೆ ಬಿದ್ದಳು. ಬಲಗೈ ಮುರಿಯಿತು. ಓನರಮ್ಮ ಆಗ ಮುಂದಿನ ಸೀಟಿನಲ್ಲಿದ್ದರು.

"ಅವಳು ಬಿದ್ದಿದ್ದು ನಂಗೆ ಗೊತ್ತೇ ಆಗ್ಲಿಲ್ಲ. ಒಂದು ಫರ್ಲಾಂಗ್ ಮುಂದೆ ಹೋಗ್ಬಿಟ್ಟಿದ್ವಿ. ಡ್ರೈವರ್ ಹತ್ರ ಹರಟೆ ಹೊಡ್ಕೊಂಡು ಕೂತಿದ್ದೆ ನಾನು, ಪಾಪಿ. ಅವತ್ತೇ ಅಂದ್ಕೊಂಡೆ, ಇವರೆಲ್ಲರಿಗೂ ಒಳಗಡೆ ಸೀಟು ಸಿಗೋವರ್ಗೂ ನಾನೂ ಒಳಗೆ ಕೂರಲ್ಲ."

ಹಾಗೆ ಕೂರದೆ ಅವರು ಎಂಟು ವರ್ಷ ಕಳೆದರು.

ಅವರ ಮನಸ್ಸಿನಲ್ಲಿ ಒಂದು ಗಾಡಿಯಿತ್ತು. ಕಾರಿನಂತೆ ನಾಲ್ಕು ಬಾಗಿಲು, ಹಿಂದೆ ಲಾರಿಯಂತೆ ತೆರೆದ ಜಾಗ, ನಾಲ್ಕೂ ಚಕ್ರ ಎಳೆಯುವ ಶಕ್ತಿ, ಏಕೆಂದರೆ ಮಳೆ ಬಂದರೆ ಟೆಂಪೋ ಗುಡ್ಡದ ಬುಡದಲ್ಲೇ ನಿಂತುಬಿಡುತ್ತಿತ್ತು. ದುಬೈಯಿಂದ ಬಂದಿದ್ದ ನೆಂಟರ ಫೋಟೋ ಒಂದರಲ್ಲಿ ಅಂಥದ್ದನ್ನು ನೋಡಿದ್ದರಂತೆ. ನಮ್ಮ ಊರಿನಲ್ಲಿ ಆಗ ಎರಡು ಬಾಗಿಲ ಪಿಕಪ್ಪುಗಳಷ್ಟೇ ಕಾಣುತ್ತಿದ್ದವು. ಜೀಪಿಗೆ ಬೇರೆ, ಟೆಂಪೋಗೆ ಬೇರೆ ಹಣ ಹಾಕುವ ಶಕ್ತಿ ಅವರಿಗಿರಲಿಲ್ಲ. "ಗಿಡ ಹಿಂದೆ, ಹೆಂಗಸರು ಮುಂದೆ. ಇಷ್ಟು ಗೊತ್ತಾಗಲ್ವಾ ಗಾಡಿ ಮಾಡೋರಿಗೆ?" ಎಂದು ರೇಗುವರು.

ಇಂಗ್ಲಿಷ್ ಬರುತ್ತಿದ್ದವಳು ನಾನೊಬ್ಬಳೇ ಆದ್ದರಿಂದ ನನಗೊಂದು ಕೆಲಸ ಬಿತ್ತು. ಜಯನಗರ ಕಾಂಪ್ಲೆಕ್ಸಿನ ಬಳಿ ಫುಟ್‌ಪಾತಿನಲ್ಲಿ ಹಳೆಯ ಮೋಟಾರು ಪತ್ರಿಕೆಗಳು ಸಿಗುತ್ತಿದ್ದವು. ತಿಂಗಳಿಗೊಂದು ತಂದು, ಭಾನುವಾರ ಬೆಳಿಗ್ಗೆ ಅವರ ಜಗಲಿಯಲ್ಲಿ ಕೂತು, ಇನ್ನು ಮುಂದೆ ಬರಲಿರುವ ಗಾಡಿಗಳ ಪುಟವನ್ನು ಓದಿ ಕನ್ನಡದಲ್ಲಿ ಹೇಳಬೇಕು. ನಾಲ್ಕು ಬಾಗಿಲಿನ ಪಿಕಪ್ಪಿನ ಚಿತ್ರ ಬಂದರೆ ಕತ್ತರಿಸಿ ಕ್ಯಾಲೆಂಡರಿನ ಪಕ್ಕ ಅಂಟಿಸುವರು. ಒಂದು ಜಾಹೀರಾತಿನಲ್ಲಿ ಕಪ್ಪು ಕನ್ನಡಕದ ಯುವಕನೊಬ್ಬ ಅಂಥ ಗಾಡಿಯನ್ನು ಸಮುದ್ರದ ದಂಡೆಯಲ್ಲಿ ನಿಲ್ಲಿಸಿಕೊಂಡು ಒರಗಿದ್ದ. ಓನರಮ್ಮ ಅದನ್ನು ಬಹಳ ಹೊತ್ತು ನೋಡಿ, "ಹಿಂದೆ ಒಂದು ಕುಂಡನೂ ಇಲ್ವಲ್ಲೇ! ಖಾಲಿ ಗಾಡಿ ತಗೊಂಡು ಅಲ್ಲೀಗಂಟ ಹೋಗಿದಾನೆ, ಸೋಮಾರಿ" ಎಂದು ಬೈದರು.

"ಬಂತಾ?" ಎಂದು ಕೇಳುವರು.

"ಬರೋ ವರ್ಷ ಬರ್ತದಂತ ಬರದಾರ್ರೀ."

"ಹೋದ್ ವರ್ಷನೂ ಹಂಗೇ ಬರ್ದಿದ್ರು. ಇರ್ಲಿ. ಮಾವಿನ ಕಸಿ ಕಟ್ಟಿ ಫಲಕ್ಕೆ ಕಾಯ್ತೀವಿ, ಇದಕ್ಕೆ ಕಾಯಕ್ಕಾಗಲ್ವಾ?"

ಕಾಯುವುದು ಅವರಿಗೆ ಕಷ್ಟವಾಗಿರಲಿಲ್ಲ, ಮಂಡಿಗೆ ಕಷ್ಟವಾಗಿತ್ತು. ಐದನೆಯ ವರ್ಷಕ್ಕೆ ಟೆಂಪೋ ಹತ್ತಲು ಮಣೆ ಬೇಕಾಯಿತು. ಹಾರ್ಡ್‌ವೇರ್ ಅಂಗಡಿಯಿಟ್ಟಿದ್ದ ಮಗನಿಗೆ ಅವಮಾನ. ನರ್ಸರಿ ಮುಚ್ಚಿ ಬಾಡಿಗೆ ತಿಂದುಕೊಂಡು ಇರಬಾರದೇ ಎಂದು ಅವನ ವಾದ. ಗಾಡಿಗೆಂದು ಅಂಗಳದಲ್ಲಿ ಶೀಟಿನ ಮಾಡು ಹಾಕಿಸಿದ ದಿನವಂತೂ ಅವನು ಬೀದಿಗೆ ಕೇಳುವಂತೆ, "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತಿದಾರೆ ನಮ್ಮಮ್ಮ" ಎಂದ. "ಹೊಲ್ಸಿದೀನಿ, ಏನೀಗ? ಕುಲಾವಿ ಇದ್ರೆ ಕೂಸು ಬರುತ್ತೆ" ಎಂದು ಓನರಮ್ಮ ಆ ಮಾಡಿನ ಕೆಳಗೆ ಸದ್ಯಕ್ಕೆ ಗೊಬ್ಬರದ ಚೀಲ ಜೋಡಿಸಿದರು.

ಕೊನೆಗೊಂದು ದಿನ ನಮ್ಮದೇ ದೇಶದಲ್ಲಿ ಅಂಥ ಗಾಡಿ ಬರುತ್ತದೆಂಬ ಸುದ್ದಿ ಖಾತ್ರಿಯಾಯಿತು. ಷೋರೂಮಿನಲ್ಲಿ ಇನ್ನೂ ಗಾಡಿಯಿರಲಿಲ್ಲ, ಬಣ್ಣದ ಹಾಳೆ ಮಾತ್ರವಿತ್ತು. ನಾನು ಓದಿದೆ: ನಾಲ್ಕು ಬಾಗಿಲು, ನಾಲ್ಕು ಚಕ್ರದ ಎಳೆತ, ಐದು ಸೀಟು.

"ಐದು! ಸರಿಯಾಗಿ ಓದಿದ್ಯಾ?"

"ಐದ್ರೀ ಅಮ್ಮಾರ. ನಾಕು ಮಂದಿ ಅವ್ರು, ನೀವೊಬ್ರು. ಬರೋಬ್ಬರಿ ಆಗ್ತದ."

ಅವರು ನನ್ನ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದರು. ಅಂದೇ ಬುಕ್ ಮಾಡಿದರು.

ಗಾಡಿ ಬಂದ ದಿನ ಅಂಗಳದಲ್ಲಿ ರಂಗೋಲಿ, ಬಾನೆಟ್ಟಿಗೆ ಮಲ್ಲಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಓನರಮ್ಮ ಹಸಿರು ರೇಷ್ಮೆ ಸೀರೆ ಉಟ್ಟಿದ್ದರು. ಪೂಜೆ ಮುಗಿದದ್ದೇ ತಮ್ಮ ಕೈಯಾರೆ ಬಾಗಿಲು ತೆಗೆದು ಹೆಂಗಸರನ್ನು ಕೂರಿಸಿದರು. ಮುಂದೆ ಪಿಳ್ಳಮ್ಮ, ಹಿಂದಿನ ಸೀಟಿನಲ್ಲಿ ಮೂವರು. ಅವರು ಮದುವೆಗೆ ಹೊರಟವರಂತೆ ಸೆರಗು ಸರಿಮಾಡಿಕೊಂಡು ಕೂತರು. ಆಮೇಲೆ ಓನರಮ್ಮ ಸುತ್ತು ಹಾಕಿ ಐದನೆಯ ಸೀಟಿಗೆ ಬಂದರು. ಅಲ್ಲಿ ಗಾಡಿ ತಂದ ಷೋರೂಮಿನ ಡ್ರೈವರ್ ಕೂತಿದ್ದ.

ನಮಗೆ ಡ್ರೈವರ್ ಎಂದರೆ ಟೆಂಪೋದ ಜೊತೆಗೇ ಬಾಡಿಗೆಗೆ ಬರುವವನು, ಹಾರ್ನು, ಲೈಟು ಇದ್ದ ಹಾಗೆ. ಅವನಿಗೂ ಒಂದು ಸೀಟು ಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಎಂಟು ವರ್ಷ ಕಾದು ಕೂಡಿಸಿದ ಲೆಕ್ಕದಲ್ಲಿ ನಾನು ಒಂದು ತಲೆ ಬಿಟ್ಟಿದ್ದೆ.

ಮಗ ಸಿಡುಕಿದ. "ಯಾರು ಲೆಕ್ಕ ಹಾಕಿದ್ದು ಇದನ್ನ?"

"ನಾನೇ" ಎಂದರು ಓನರಮ್ಮ, ನನ್ನ ಕಡೆ ನೋಡದೆ.

"ಒತ್ತಿಕೊಂಡು ಕೂತ್ಕೋತೀವಿ, ಬನ್ನಿ ಅಮ್ಮ" ಎಂದು ಪಿಳ್ಳಮ್ಮ ಕರೆದಳು.

"ಒತ್ತಿಕೊಂಡು ಕೂರಕ್ಕೆ ಎಂಟು ವರ್ಷ ಕಾದಿದ್ನಾ?" ಎನ್ನುತ್ತ ಅವರು ಹಿಂಬದಿಗೆ ನಡೆದು ಕಂಬಿ ಹಿಡಿದರು. ಹತ್ತಿಬಿಡುವರೇನೋ ಎಂದುಕೊಂಡೆ. ಹತ್ತಲಿಲ್ಲ. ಕಂಬಿ ಬಿಟ್ಟು, ಮತ್ತೆ ಮುಂದೆ ಬಂದು, ಆ ಡ್ರೈವರನಿಗೆ ಮೆತ್ತಗೆ ಹೇಳಿದರು: "ಗಾಡೀನ ಮಾಡಿನ ಕೆಳಗೆ ನಿಲ್ಸಿ ಇಳಿಯಪ್ಪ, ಊಟ ಮಾಡ್ಕೊಂಡು ಹೋಗು. ಇದನ್ನ ನಾನೇ ಕಲ್ತು ಓಡಿಸ್ತೀನಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ, ನನಗೆ ಅಳು ಬರುತ್ತಿತ್ತು. ಐವತ್ತೆಂಟು ವರ್ಷದ ಹೆಂಗಸು ಸೈಕಲ್ಲನ್ನೂ ಹತ್ತಿದವರಲ್ಲ.

ಮಾರನೆಯ ದಿನವೇ ಬನಶಂಕರಿಯ ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಮೂರೂವರೆ ತಿಂಗಳು ಹೊಸ ಗಾಡಿ ಬಟ್ಟೆ ಹೊದ್ದು ಅಂಗಳದಲ್ಲಿ ನಿಂತಿತ್ತು, ಅದರ ಒಡತಿ ಮಾತ್ರ ಎಂದಿನಂತೆ ಬಾಡಿಗೆ ಟೆಂಪೋದ ಹಿಂಬದಿಯಲ್ಲಿ ಕೂತು ಹೋಗುತ್ತಿದ್ದರು. ಬೀದಿಯೆಲ್ಲ ಆಡಿಕೊಂಡಿತು. ನಾನು ಕ್ಷಮೆ ಕೇಳಬೇಕೆಂದು ಮೂರು ಸಲ ಮೆಟ್ಟಿಲಿಳಿದು, ಮೂರು ಸಲವೂ ಬೇರೇನೋ ಮಾತಾಡಿ ಹತ್ತಿ ಬಂದೆ. ಬಾಯಿ ಜೋರಿರುವವರಿಗೆ ಕ್ಷಮೆ ಕೇಳಲು ಬಾಯಿ ಬರುವುದಿಲ್ಲ.

ಕಲಿಕೆಯ ಕಷ್ಟವನ್ನೆಲ್ಲ ಅವರು ಸಂಜೆ ನನಗೆ ವರದಿ ಮಾಡುವರು. "ಕ್ಲಚ್ ಬಿಡೋದು ಕಸಿ ಕಟ್ದಂಗೆ ಕಣೇ, ಅವಸರ ಮಾಡಿದ್ರೆ ಹಿಡಿಯಲ್ಲ." ಲೈಸೆನ್ಸ್ ಪರೀಕ್ಷೆಯಲ್ಲಿ ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿಸಿ ಫೇಲಾದರು. ಮಗ, "ಸಾಕು ಬಿಡಮ್ಮ, ಮಾರಿಬಿಡೋಣ" ಎಂದ. ಓನರಮ್ಮ ಅಂಗಳದಲ್ಲಿ ಖಾಲಿ ಡ್ರಮ್ಮುಗಳನ್ನು ನಿಲ್ಲಿಸಿಕೊಂಡು, ಸ್ಕೂಲಿನ ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹತ್ತು ದಿನ ಹಿಂದಕ್ಕೂ ಮುಂದಕ್ಕೂ ಗಾಡಿ ಆಡಿಸಿದರು. ಎರಡನೆಯ ಸಲ ಪಾಸಾದರು.

ಮೊದಲ ಸಲ ಗುಡ್ಡಕ್ಕೆ ಹೊರಟಾಗ ನಾನು ಗೇಟಿನಲ್ಲಿ ನಿಂತು ಕೈ ಬೀಸಿದೆ. ಹಿಂದಿನ ದಿನವಷ್ಟೇ ಮಳೆಯಾಗಿತ್ತು. ಮೇಲೆ ನಡೆದದ್ದನ್ನು ಆಮೇಲೆ ಪಿಳ್ಳಮ್ಮ ಹೇಳಿದಳು. ಟೆಂಪೋ ಸೋಲುತ್ತಿದ್ದ ಜಾಗದಲ್ಲಿ ಚಕ್ರ ಜಾರಿತಂತೆ, ಇವಳು ಕಣ್ಣು ಮುಚ್ಚಿ ದೇವರನ್ನೆಲ್ಲ ಕರೆದಳಂತೆ. ಓನರಮ್ಮ ನಾಲ್ಕು ಚಕ್ರದ ಲಿವರ್ ಎಳೆದು, "ಬಾಯ್ಮುಚ್ಚೇ, ನಂಗೆ ಇಂಜಿನ್ ಸದ್ದು ಕೇಳಿಸ್ಬೇಕು" ಎಂದು ಗದರಿ, ಒಂದೇ ಉಸಿರಿಗೆ ಮೇಲೇರಿಸಿದರಂತೆ. ಗಾಡಿ ನಿಂತ ಮೇಲೆ ಹಿಂದಕ್ಕೆ ತಿರುಗಿ ಒಬ್ಬೊಬ್ಬರನ್ನೇ ನೋಡಿ, "ಎಲ್ಲಾರೂ ಇದೀರಾ?" ಎಂದು ಕೇಳಿದರಂತೆ.

ಆರು ವರ್ಷ ಓಡಿಸಿದರು. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವರು ಬಾಯಿ ಬಿಟ್ಟು ನೋಡಿದರೆ, "ಏನಣ್ಣ, ಗಿಡ ಬೇಕಾ?" ಎನ್ನುವರು. ಅಷ್ಟರಲ್ಲಿ ನನಗೆ ಮದುವೆಯಾಗಿ ಜೆ.ಪಿ. ನಗರಕ್ಕೆ ಹೋದೆ. ನನ್ನ ಹೊಸ ಮನೆಗೆ ಹನ್ನೆರಡು ಕುಂಡಗಳನ್ನು ಅವರೇ ಓಡಿಸಿಕೊಂಡು ಬಂದು ಇಳಿಸಿಹೋದರು. ಆಗಲೂ ನಾನು ಆ ಮಾತು ಎತ್ತಲಿಲ್ಲ. ಒಂದು ಚಳಿಗಾಲ ಜ್ವರ ಬಂದು, ಎದೆಗೆ ಕಫ ಕಟ್ಟಿ, ನಾಲ್ಕೇ ದಿನಕ್ಕೆ ಹೋಗಿಬಿಟ್ಟರು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದಾಗ, ಊಟವಾದ ಮೇಲೆ ಪಿಳ್ಳಮ್ಮನ ಪಕ್ಕ ಜಗಲಿಯಲ್ಲಿ ಕೂತೆ. ಹೊಟ್ಟೆಯಲ್ಲಿಟ್ಟುಕೊಂಡದ್ದು ಇನ್ನು ತಡೆಯಲಾಗಲಿಲ್ಲ. "ಪಿಳ್ಳಮ್ಮಾ, ಆ ಸೀಟಿನ ಲೆಕ್ಕ ತಪ್ಪಿಸಿದಾಕಿ ನಾನವ್ವಾ. ಅವ್ರು ತಮ್ಮ ಮ್ಯಾಲೆ ಹಾಕ್ಕೊಂಡ್ರು. ನಾನು ಒಂದಿನಾನೂ ಕ್ಷಮಾ ಕೇಳ್ಲಿಲ್ಲ" ಎಂದೆ.

ಪಿಳ್ಳಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು.

"ಗೊತ್ತು ಕಣವ್ವ. ಗುಡ್ಡ ಹತ್ತಿದ್ ದಿವ್ಸವೇ ನಮ್ಗೆಲ್ಲಾ ಹೇಳಿದ್ರು. ಸ್ಟೇರಿಂಗ್ ಹಿಡ್ಕೊಂಡು ಒಬ್ರೇ ನಗ್ತಾ ಕೂತಿದ್ರು. 'ಆ ಹುಡುಗಿ ಲೆಕ್ಕ ಸರಿಯಾಗಿ ಹಾಕಿದ್ದಿದ್ರೆ, ಒಬ್ಬ ಡ್ರೈವರ್ನ ಇಟ್ಕೊಂಡು ಸಾಯೋವರ್ಗೂ ಅವ್ನ ಪಕ್ಕದಲ್ಲೇ ಕೂತಿರ್ತಿದ್ದೆ ಕಣ್ರೇ' ಅಂದ್ರು."