ಕುಪ್ಪಮ್ಮನ ಗುಂಡಿಯಲ್ಲಿ ಬ್ಯಾಟರಿ

ಭೂಪತಿ ನೇಯುತ್ತಿದ್ದುದು ಬಿಳಿ ರೇಷ್ಮೆ ಪಂಚೆ. ಸೇಲಂನ ನೇಕಾರರ ಬೀದಿಗಳಲ್ಲಿ ಅದನ್ನು ನೇಯುವವರು ಬಹಳ ಮಂದಿ, ಕಲೆ ಬೀಳದಂತೆ ನೇಯುವವರು ಕಡಿಮೆ. ಆ ಕಡಿಮೆ ಮಂದಿಯಲ್ಲಿ ತಾನೊಬ್ಬ ಎಂಬ ಹೆಮ್ಮೆ ಅವನಿಗಿತ್ತು. ತೊಂಬತ್ತಾರರ ಬೇಸಿಗೆಯಲ್ಲಿ ಸಂಜೆಯಾದರೆ ಕರೆಂಟು ಹೋಗುತ್ತಿತ್ತು. ಲಾಟೀನು ಹಚ್ಚಿದರೆ ಮಸಿ, ಹಚ್ಚದಿದ್ದರೆ ಕತ್ತಲು. ಒಮ್ಮೆ ಹೆಸರುಕಾಳಿನಷ್ಟು ಮಸಿ ಕೂತದ್ದಕ್ಕೆ, ನೂಲು ಕೊಟ್ಟು ನೇಯಿಸುವ ಸಾಹುಕಾರ ಪಂಚೆಯನ್ನು ಅವನ ಎದುರಿಗೇ ಬಿಸುಟ. ಅಂದೇ ಭೂಪತಿ ಮನೆಗೆ ಇನ್ವರ್ಟರ್ ಹಾಕಿಸಲು ನಿಶ್ಚಯಿಸಿದ.

ಅವನು ಅವಸರದ ಮನುಷ್ಯನಲ್ಲ. ಎರಡು ಟ್ಯೂಬ್‌ಲೈಟು, ಒಂದು ಫ್ಯಾನು, ಅಷ್ಟೇ. ಅದಕ್ಕೆ ಎಷ್ಟು ದೊಡ್ಡ ಬ್ಯಾಟರಿ ಬೇಕು, ಎಷ್ಟು ಹೊತ್ತು ಬಾಳುತ್ತದೆ ಎಂದು ಒಂದು ಅಂಗಡಿಯಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಕೇಳಿ ತಾಳೆ ನೋಡಿದ. ಬ್ಯಾಟರಿ ಎಲ್ಲಿಡುವುದೆಂಬುದೊಂದೇ ಉಳಿಯಿತು. ಮನೆ ಎಂದರೆ ಅಡುಗೆಮನೆ ಮತ್ತು ಮಗ್ಗದ ಕೋಣೆ. ಕೋಣೆಯ ನೆಲದಲ್ಲಿ ಕಾಲು ಇಳಿಬಿಟ್ಟು ತುಳಿಯುವ ಗುಂಡಿಗಳು ಎರಡು. ಒಂದು ಅವನದು. ಇನ್ನೊಂದು ತಾಯಿ ಕುಪ್ಪಮ್ಮನದು. ಮಂಡಿ ಹಿಡಿದುಕೊಂಡ ಮೇಲೆ ಅವಳ ಮಗ್ಗದ ಮರ ಅಟ್ಟ ಸೇರಿ, ಗುಂಡಿ ಬರಿದಾಗಿತ್ತು.

ಇನ್ವರ್ಟರ್ ಕೂರಿಸಲು ಬಂದ ಚಿನ್ನರಾಜ್ ಆ ಗುಂಡಿಯ ಅಂಚಿನಲ್ಲಿ ಕುಕ್ಕರಿಸಿ ತಲೆಯಾಡಿಸಿದ.

“ಅಣ್ಣಾ, ಇದು ಬ್ಯಾಟರಿ ಮಡಗೋ ಜಾಗ ಅಲ್ಲ. ಚಾರ್ಜ್ ಆಗೋವಾಗ ಗ್ಯಾಸ್ ಬತ್ತೈತೆ. ಗಾಳಿ ಆಡ್ಬೇಕು. ಕಿಡಿ ಬಿತ್ತೋ, ಸಿಡೀತೈತೆ. ಜಗಲೀಲಿ ಮಡಗು.”

“ಜಗಲೀಲಿ ಮಡಗಿದ್ರೆ ನನ್ ಲೈಟು ಕಳ್ಳನ ಮನೇಲಿ ಉರೀತೈತೆ.”

“ಕಿಟಕಿನಾದ್ರೂ ತೆಗೆದಿಡು.”

“ಕಿಟಕಿ ತೆಗೆದ್ರೆ ಮಗ್ಗದ ಹಾಸುನೂಲು ಒಣಗಿ ಎಳೆ ಪಟಪಟ ಕಿತ್ಕೊಂತೈತೆ. ನಿನ್ ಕೆಲ್ಸ ನೀನ್ ನೋಡ್ಲಾ. ನಮ್ ಮನೇಲಿ ಬೀಡಿ ಸೇದೋರು ಯಾರೂ ಇಲ್ಲ.”

ಅಡುಗೆಮನೆಯಿಂದ ಕುಪ್ಪಮ್ಮ ಗೋಡೆ ಹಿಡಿದುಕೊಂಡು ಬಂದಳು. “ಏನ್ಲಾ, ನಾನ್ ಕಾಲಿಟ್ಟ ಗುಂಡೀಲಿ ಯಾವ ಪೇಯಿ-ಪಿಶಾಚೀನ ಕೂರಿಸ್ತೀಯ?”

“ಪೇಯಲ್ಲಮ್ಮ, ಬೆಳಕು. ನಮ್ ಕುಲದೇವಿ ಚೌಡಮ್ಮ ಅಂತ್ಲೇ ಅನ್ಕೋ.”

“ಚೌಡಮ್ಮ ಡಬ್ಬೀಲಿ ಬತ್ತಾಳಾ?” ಎಂದು ನಕ್ಕಳು, ಒಪ್ಪಿದಳು.

ಚಿನ್ನರಾಜ್ ಹೇಳಿದ್ದನ್ನು ಭೂಪತಿ ತಾಯಿಗೂ ತಿಳಿಸಲಿಲ್ಲ, ಹೆಂಡತಿ ಶಾರದಳಿಗೂ ತಿಳಿಸಲಿಲ್ಲ. ತಿಳಿಸಿದ್ದರೆ ತಾಯಿ ಒಪ್ಪುತ್ತಿರಲಿಲ್ಲ. ಬ್ಯಾಟರಿ ಗುಂಡಿಗೆ ಇಳಿಯಿತು. ಮೇಲೆ ಹಲಗೆ ಮುಚ್ಚಿದರು.

ಸಂಜೆ ಬೀದಿಯ ಮಗ್ಗಗಳೆಲ್ಲ ಒಂದೊಂದಾಗಿ ನಿಂತಾಗ ಭೂಪತಿಯದು ಮಾತ್ರ ಆಡುತ್ತಿತ್ತು. ಪಕ್ಕದ ಮನೆಯ ಚೆಲ್ಲಮ್ಮ ಬಾಗಿಲಲ್ಲಿ ನಿಂತು, “ನಿಮಗೇನಪ್ಪ, ರಾತ್ರೀನೂ ಹಗಲೇ” ಎಂದು ಹೋದಳು.

ಆಷಾಢದ, ಅಲ್ಲಿಯವರ ಆಡಿ ತಿಂಗಳ, ಹೊತ್ತಿಗೆ ಕೋಣೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಏಳತೊಡಗಿತು. ಕರೆಂಟು ಬಂದ ಮೇಲೆ ಅದು ಹೆಚ್ಚು. ಇಲಿ ಸತ್ತಿದೆಯೆಂದು ಶಾರದ ಅಕ್ಕಿಯ ಡಬ್ಬಗಳನ್ನೆಲ್ಲ ಸರಿಸಿ ಹುಡುಕಿದಳು. ಆಮೇಲೆ ಮಗ್ಗದ ಮೇಲಿದ್ದ ಪಂಚೆಯ ಅಂಚಿನ ಜರಿ ಕಪ್ಪಾಯಿತು. ಗುಂಡಿಯ ಕಡೆಗಿದ್ದ ಅಂಚು ಮೊದಲು ಮಂಕಾಗಿ, ಬರಬರುತ್ತ ಹಳೆಯ ಬೆಳ್ಳಿ ಕಾಲುಂಗುರದ ಬಣ್ಣಕ್ಕೆ ತಿರುಗಿತು. ಕುಪ್ಪಮ್ಮ ಅದರ ಮೇಲೆ ಬೆರಳಾಡಿಸಿದಳು.

“ದಿಷ್ಟಿ ಕಣ್ಲಾ ಇದು. ಆ ಚೆಲ್ಲಮ್ಮನ ಕಣ್ಣು.”

ಭೂಪತಿ ಹಲಗೆಯ ಮೇಲೆ ಅಂಗೈ ಇಟ್ಟ. ಬಿಸಿಯಾಗಿತ್ತು. ಅದು ಯಾರ ಕಣ್ಣೂ ಅಲ್ಲವೆಂದು ಅವನಿಗೆ ಆಗಲೇ ಗೊತ್ತು. ಅಮಾವಾಸ್ಯೆಯಂದು ಮಗ್ಗಕ್ಕೆ ರಜೆ. ಅಂದು ಬ್ಯಾಟರಿ ಎತ್ತಿ ಜಗಲಿಗೆ ಹಾಕುವುದೆಂದುಕೊಂಡ.

ಅಮಾವಾಸ್ಯೆಯ ಬೆಳಗ್ಗೆ ಹಲಗೆಗೆ ಕೈ ಹಾಕಿದ್ದೇ ತಡ, ಕುಪ್ಪಮ್ಮ ಕೂಗಿದಳು. “ಅಮಾಸೆ ದಿನ ಮಗ್ಗದ ಗುಂಡಿ ಕದಲಿಸ್ತೀಯಾ? ಬುದ್ಧಿ ಐತಾ ನಿಂಗೆ? ನಾಳೆ ನೋಡ್ಕೋ.”

ಇಂದೇ ಏಕೆ ಎನ್ನಲು ಎಲ್ಲವನ್ನೂ ಹೇಳಬೇಕಿತ್ತು. ನಾಳೆ ಎಂದರೆ ಏನೂ ಹೇಳಬೇಕಿರಲಿಲ್ಲ. “ಆಯ್ತಮ್ಮ, ನಾಳೆ” ಎಂದ. ಹಗುರಾಯಿತು. ಅಂಗಿ ತೊಟ್ಟು ಹೊರಗೆ ಹೋದ.

ಮಧ್ಯಾಹ್ನವೆಲ್ಲ ಇಲ್ಲದ ಕರೆಂಟು ದೀಪ ಹಚ್ಚುವ ಹೊತ್ತಿಗಿಂತ ಮುಂಚೆಯೇ ಬಂತು. ಟೀ ಅಂಗಡಿಯಲ್ಲಿ ರೇಡಿಯೋ ಅರ್ಧ ಹಾಡಿನಿಂದ ಶುರುವಾಯಿತು. ಭೂಪತಿ ಇನ್ನೊಂದು ಟೀ ಹೇಳಿ, ಅಷ್ಟರಲ್ಲಿ ಮಳೆಯ ಮಾತೆತ್ತಿದವನೊಬ್ಬನಿಗೆ ಕಿವಿಗೊಟ್ಟು ಕೂತ. ಆಗ ಆ ಸದ್ದು ಕೇಳಿಸಿತು. ಲಾರಿಯ ಟೈರು ಸಿಡಿಯಿತೆಂದು ಎಲ್ಲರೂ ರಸ್ತೆಯ ಕಡೆ ನೋಡಿದರು. ಭೂಪತಿ ಮನೆಯ ಕಡೆ ಓಡಿದ.

ನಡೆದದ್ದು ಇಷ್ಟು. ನಾತ ಎಲ್ಲಿಂದ ಬರುತ್ತದೋ ದೃಷ್ಟಿ ಅಲ್ಲೇ ಕೂತಿದೆ ಎಂದು ಕುಪ್ಪಮ್ಮ ತೀರ್ಮಾನಿಸಿದ್ದಳು. ಮಂಡಿ ಮಡಿಸಲಾರದ್ದರಿಂದ ಕರ್ಪೂರದ ತಟ್ಟೆಯನ್ನು ಸೊಸೆಯ ಕೈಗೆ ಕೊಟ್ಟಳು. ಶಾರದ ಹಲಗೆ ಸರಿಸಿ, ಕರ್ಪೂರ ಹಚ್ಚಿ, ಗುಂಡಿಯೊಳಕ್ಕೆ ಬಾಗಿ ದೃಷ್ಟಿ ಇಳಿತೆಗೆದಳು.

ಸರ್ಕಾರಿ ಆಸ್ಪತ್ರೆಯಲ್ಲಿ ಅವಳ ಬಲಗಣ್ಣನ್ನು ತೆಗೆದರು. ಎಡಗಣ್ಣಿನ ವಿಷಯ ಕಟ್ಟು ಬಿಚ್ಚಿದ ಮೇಲೆ ಎಂದರು. ವರಾಂಡದಲ್ಲಿ ಕುಪ್ಪಮ್ಮ ಬಂದವರಿಗೆಲ್ಲ ಚೆಲ್ಲಮ್ಮನ ಕಣ್ಣಿನ ಕಥೆ ಹೇಳುತ್ತಿದ್ದಳು. ಬೀದಿಯವರು ಹೌದೆಂದು ತಲೆದೂಗಿದರು. ಚೆಲ್ಲಮ್ಮ ಗಂಜಿ ತಂದವಳು ಗೇಟಿನಿಂದಲೇ ಹಿಂದಿರುಗಿದಳು. ಭೂಪತಿ ಅದನ್ನು ನೋಡಿ, ವಾರ್ಡಿನೊಳಕ್ಕೆ ನಡೆದ.

ಎರಡೂ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದ ಶಾರದ, ಅವನು ಬಂದದ್ದನ್ನು ಹೆಜ್ಜೆಯಿಂದಲೇ ಗುರುತಿಸಿದಳು.

“ರೀ, ಡಬ್ಬಿ ಕೂರಿಸ್ದೋನು ಮೊದ್ಲೇ ಏನಾದ್ರೂ ಹೇಳಿದ್ನಾ?”

“ಇಲ್ಲ” ಎಂದ ಭೂಪತಿ.

ಅವಳು ಅವನ ಕೈಗಾಗಿ ತಡಕಾಡಿ, ಸಿಕ್ಕ ಮೇಲೆ ಬಿಗಿಯಾಗಿ ಹಿಡಿದುಕೊಂಡಳು.