ಹೋಗುವಾಗ ಬಿಟ್ಟ ಕಲ್ಲುಗಳು

ಆ ಆಟದಲ್ಲಿ ಬರುತ್ತಿದ್ದ ಒಂದಕ್ಷರವೂ ನಮಗೆ ಓದಲು ಬರುತ್ತಿರಲಿಲ್ಲ. ಚೀನೀ ಭಾಷೆಯೋ ಜಪಾನೀ ಭಾಷೆಯೋ, ಅದೂ ತಿಳಿಯದು. ಮುಂಬೈಗೆ ಲಾರಿ ಹೊಡೆಯುತ್ತಿದ್ದ ಮಾಮಾ ಅಕ್ಕನಿಗೆಂದು ಯಾರೋ ಆಡಿ ಬಿಟ್ಟ ವಿಡಿಯೋ ಗೇಮ್ ತಂದಿದ್ದ. ಜೊತೆಗೆ ಇದ್ದದ್ದು ಒಂದೇ ಕ್ಯಾಸೆಟ್. ಅಕ್ಕನ ಹೃದಯದ ಕವಾಟ ಸಣ್ಣಂದಿನಿಂದಲೇ ಸರಿ ಇರಲಿಲ್ಲ. ಓಡಬಾರದು, ಮೆಟ್ಟಿಲು ಹತ್ತಬಾರದು ಎಂದಿದ್ದರು ಡಾಕ್ಟರು. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟು ಮನೆಯಲ್ಲೇ ಇದ್ದಳು.

"ಕುಂತಲ್ಲೇ ಆಡೂ ಆಟ. ನಮ್ಮ ಹುಡುಗಿಗೆ ಇದಾ ಛಲೋ" ಎಂದು ಮಾಮಾ ಟಿವಿಯ ಹಿಂದೆ ವಾಯರ್ ಸಿಕ್ಕಿಸಿದ. ತೊಂಬತ್ತರ ದಶಕದ ನಡುವಿನ ಮಾತಿದು. ಗೋಪನಕೊಪ್ಪದ ಚಾಳಿನಲ್ಲಿ ನಮ್ಮದು ಎರಡು ಖೋಲಿಯ ಮನೆ.

ಆಟದಲ್ಲಿ ಕೆಂಪು ಮುಂಡಾಸಿನ ಗಿಡ್ಡ ಮನುಷ್ಯನೊಬ್ಬ ಕತ್ತಿ ಹಿಡಿದು ಸುರಂಗಗಳಲ್ಲಿ ಅಲೆಯುತ್ತಿದ್ದ. ಸ್ಟೇಷನ್ನಿನ ಹಮಾಲನ ಹಾಗೆ ಇದ್ದಾನೆಂದು ಅಕ್ಕ ಅವನನ್ನು ಹಮಾಲ ಎಂದೇ ಕರೆದಳು. ಬಾವಲಿ, ಹಾವು ಬಂದರೆ ಹೊಡೆಯಬೇಕು. ಆದರೆ ಹೊಡೆದಾಟಕ್ಕಿಂತ ಒಗಟೇ ಹೆಚ್ಚು. ಈ ಕಲ್ಲು ಎಲ್ಲಿಗೆ ತಳ್ಳಬೇಕು, ಯಾವ ದೀಪ ಮೊದಲು ಹಚ್ಚಬೇಕು ಎಂದು ಪ್ರತಿ ಕೋಣೆಯಲ್ಲೂ ಯೋಚಿಸಬೇಕು. ಬಾವಲಿ ಒಮ್ಮೆಲೇ ಮೈಮೇಲೆ ಬಂದರೆ ಅಕ್ಕನಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅದಕ್ಕೇ ಗುಂಡಿ ಒತ್ತುವ ಕೆಲಸ ನನ್ನದಾಯಿತು. ನಾನು ಅವಳಿಗಿಂತ ಮೂರು ವರ್ಷ ಚಿಕ್ಕವಳು.

"ಕೈ ನಿಂದು, ತಲಿ ನಂದು" ಎನ್ನುತ್ತಿದ್ದಳು. "ನಿನ್ನ ತಲಿ ಹಂಗಾ ಇರಲಿ, ಎಣ್ಣಿ ಹಚ್ಚಾಕ ಬರತೈತಿ."

ಆಟದೊಳಗಿನ ಊರಿನ ಜನ ಎದುರಾದರೆ ಎರಡು ಸಾಲು ಮಾತಾಡುತ್ತಿದ್ದರು. ಅರ್ಥ ತಿಳಿಯದಿದ್ದರಿಂದ ಮಾತನ್ನು ಅಕ್ಕನೇ ಕೊಟ್ಟಳು. ಬಾವಿಯ ಹತ್ತಿರ ನಿಲ್ಲುವ ಮುದುಕ ಯಾವಾಗ ಹೋದರೂ ಹೇಳುತ್ತಿದ್ದದ್ದು, "ಎಂಟ ದಿನಾ ಆತೋ ತಮ್ಮಾ ನೀರ ಬಂದು. ಇವತ್ತರ ಬಿಡ್ತಾರೇನು ಕೇಳ್ಕೊಂಡ ಬಾ." ಒಳಗೆ ಸೂಜಿ ಹಿಡಿದು ಕೂತ ಅವ್ವನಿಗೂ ನಗು ಬರುತ್ತಿತ್ತು.

ಕರೆಂಟು ಹೋದರೆ ಆಟವೆಲ್ಲ ಅಳಿಸಿಹೋಗುತ್ತಿತ್ತು. ಒಂದೊಂದು ಬಾಗಿಲು ದಾಟಿದಾಗ ಮಾತ್ರ ಪರದೆಯ ಮೇಲೆ ಆ ಓದಲು ಬಾರದ ಅಕ್ಷರಗಳ ಒಂದು ಸಾಲು ಬರುತ್ತಿತ್ತು. ಅದನ್ನು ಬರೆದಿಟ್ಟುಕೊಂಡು ಮರುದಿನ ಹಾಗೆಯೇ ಕೊಟ್ಟರೆ ಬಿಟ್ಟಲ್ಲಿಂದ ಶುರು. ಒಂದು ಗೀಟು ತಪ್ಪಿದರೂ ಮತ್ತೆ ಮೊದಲ ಊರಿಗೆ, ನೀರಿಲ್ಲದ ಮುದುಕನ ಹತ್ತಿರಕ್ಕೆ. ಅಕ್ಕ ಗಣಿತದ ಚೌಕಳಿ ನೋಟ್‌ಬುಕ್ಕಿನಲ್ಲಿ ಆ ಅಕ್ಷರಗಳನ್ನು ಬರೆಯದೆ ಚಿತ್ರದಂತೆ ಇಳಿಸುತ್ತಿದ್ದಳು. ಒಂದು ದಿನವೂ ತಪ್ಪಲಿಲ್ಲ. ಅವಳಿಗೆ ಕಸೂತಿಯ ಕಣ್ಣಿತ್ತು. ಅವ್ವ ಧಾರವಾಡದ ಅಂಗಡಿಯೊಂದಕ್ಕೆ ಇಳಕಲ್ ಸೀರೆಗಳ ಮೇಲೆ ಕಸೂತಿ ಹಾಕಿಕೊಡುತ್ತಿದ್ದಳು. ಅಕ್ಕ ಎಳೆ ಎಣಿಸಿ ಸೆರಗಿನ ಅಂಚು ಹಾಕುತ್ತಿದ್ದಳು. ನನಗೆ ಆಗ ಅದರ ಗೊಡವೆ ಇರಲಿಲ್ಲ.

ಏಳನೆಯ ಸುರಂಗದ ಒಂದು ಕೋಣೆಯಲ್ಲಿ ಸಿಕ್ಕಿಕೊಂಡೆವು. ಒಳಗೆ ಬಂದ ಜಾಗದ ಪಕ್ಕದಲ್ಲೇ ಮುಚ್ಚಿದ ಬಾಗಿಲು. ಎದುರಿಗೆ ನೀರು. ನೀರಿನ ಮೇಲೆ ಆಚೆ ದಡದವರೆಗೆ ಒಂದೇ ಸಾಲಿನಲ್ಲಿ ಹದಿಮೂರು ಕಲ್ಲು. ಕಾಲಿಟ್ಟರೆ ಕಲ್ಲು ಬೆಳಗುತ್ತಿತ್ತು, ಮತ್ತೊಮ್ಮೆ ಇಟ್ಟರೆ ಆರುತ್ತಿತ್ತು. ಎಲ್ಲ ಕಲ್ಲು ಬೆಳಗಿರುವಾಗ ಬಂದು ಬಾಗಿಲು ತಳ್ಳಬೇಕೆಂಬುದು ಅಕ್ಕನಿಗೆ ಮೊದಲ ದಿನವೇ ಹೊಳೆದಿತ್ತು. ಆದರೆ ಹೋಗುತ್ತ ಬೆಳಗಿಸಿದ್ದೆಲ್ಲ ಬರುತ್ತ ಆರಿಹೋಗುತ್ತಿತ್ತು. ತಿಂಗಳುಗಟ್ಟಲೆ ಹಮಾಲ ಆಚೆ ದಡಕ್ಕೆ ಹೋಗಿ ಬಂದ.

ಆಗ ಅಕ್ಕನ ಕಾಲು ಬಾತು, ಉಸಿರು ಕಷ್ಟವಾಗಿ, ಅವಳನ್ನು ದವಾಖಾನೆಗೆ ಸೇರಿಸಿದರು. ಕಡೆಯ ಸಾಲನ್ನು ನನಗೊಂದು ಚೀಟಿಯಲ್ಲಿ ಇಳಿಸಿಕೊಟ್ಟು, ನೋಟ್‌ಬುಕ್ಕು, ಕೆಂಪು-ನೀಲಿ ಪೆನ್ಸಿಲ್ಲು ಜೊತೆಗೆ ಒಯ್ದಳು. ಸಂಜೆ ಶಾಲೆ ಬಿಟ್ಟ ಮೇಲೆ ನಾನು ದಿನಾ ಹೋಗುತ್ತಿದ್ದೆ. ಮೊದಲ ಮೂರು ದಿನವೂ ಅವಳು ಕೇಳಿದ್ದು ಒಂದೇ. "ಬಾಗಲಾ ತಗೀತೇನು?"

"ಇಲ್ಲ."

ನಾಲ್ಕನೆಯ ದಿನ ಮೂಗಿಗೆ ನಳಿಗೆ ಹಾಕಿದ್ದರು. ದಿಂಬಿಗೆ ಒರಗಿ, ನೋಟ್‌ಬುಕ್ಕು ತೊಡೆಯ ಮೇಲೆ ತೆರೆದಿಟ್ಟುಕೊಂಡು ನನ್ನ ದಾರಿ ಕಾಯುತ್ತಿದ್ದಳು. ಆ ಮುಖ ನೋಡಿ, ಅವಳು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟೆ. "ಅಕ್ಕಾ, ಬಾಗಲಾ ತಗೀತು."

"ಹೆಂಗ?"

"ಲಗೂ ಲಗೂ ಓಡಿ ಬಂದೆ. ಕಲ್ಲು ಆರೂದರಾಗ ಮುಟ್ಟಿಬಿಟ್ಟೆ."

ತೆರೆದಿದ್ದ ಹಾಳೆಯ ಮೇಲೆ ಅಂಗೈ ಇಟ್ಟಳು. "ಹಮಾಲ ಗಟ್ಟಿಗ ಅದಾನ ಬಿಡು" ಎಂದಳು. ಆಮೇಲೆ ನೋಟ್‌ಬುಕ್ಕಿನ ಹಾಳೆ ತಿರುವಿದಳು. "ಮುಂದ ಏನೈತಿ?"

ಕಟ್ಟಿ ಹೇಳುವುದು ಅವಳ ವಿದ್ಯೆ, ನನ್ನದಲ್ಲ. ಹೊಳೆದದ್ದು ಹೇಳಿದೆ. ಉದ್ದನೆಯ ಓಣಿ, ಎರಡೂ ಕಡೆ ಬಾಗಿಲು, ಕೊನೆಗೆ ಒಂದು ನಳ. ಅವಳು ಚೌಕಳಿ ಎಣಿಸಿ ನಕ್ಷೆ ಬರೆದುಕೊಂಡಳು.

"ನಳ ಎಡಕ್ಕೋ, ಬಲಕ್ಕೋ?"

"ಎಡಕ್ಕ. ಮುಂದ ಸಾಲಾಗಿ ಕೊಡಾ ಇಟ್ಟಾರ."

"ಯಾರರ ಜಗಳಾ ಮಾಡಾಕತ್ತಿದ್ರೇನು?"

"ಇಲ್ಲ."

"ಹಂಗಾರ ಅದು ನಳಾ ಅಲ್ಲ ಬಿಡು."

ಒಂದು ವಾರ ಹೀಗೆ ನಡೆಯಿತು. ಬರುವ ದಾರಿಯಲ್ಲಿ ಕಂಡದ್ದನ್ನೆಲ್ಲ ನಾನು ಕೋಣೆ ಮಾಡಿ ಹೇಳಿದೆ. ಬೇವಿನಗಿಡ, ಹಿಟ್ಟಿನ ಗಿರಣಿ, ದವಾಖಾನೆಯ ಮೆಟ್ಟಿಲು. ಕೊನೆಯ ದಿನ ಅವಳಿಗೆ ಪೆನ್ಸಿಲ್ ಹಿಡಿಯಲಾಗಲಿಲ್ಲ. "ಕಡೀ ಖೋಲಿ ನಾ ಬರೂತನಕಾ ತಗೀಬ್ಯಾಡ" ಎಂದಳು. ಹೂಂ ಎಂದೆ. ಮರುದಿನ ಬೆಳಿಗ್ಗೆ, ನಾನು ಶಾಲೆಗೆ ಹೊರಡುವ ಮೊದಲೇ ಸುದ್ದಿ ಬಂತು.

ಅವ್ವ ಆ ಯಂತ್ರವನ್ನೂ ನೋಟ್‌ಬುಕ್ಕನ್ನೂ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದಳು. ನಾನು ಮ್ಯಾಟ್ರಿಕ್ ಮುಗಿಸಿ ಅವ್ವನ ಹತ್ತಿರವೇ ಕಸೂತಿ ಕಲಿತೆ. ಇಂದಿಗೂ ಅದೇ ನನ್ನ ಕೆಲಸ. ಹೊಲಿಯುವಾಗ ಕೈ ತನ್ನ ಪಾಡಿಗೆ ನಡೆಯುತ್ತದೆ, ಮನಸ್ಸು ಬೇಡದ ಕಡೆ ಹೋಗುತ್ತದೆ. ಹೋಗುವವಳಿಗೆ ಸುಳ್ಳು ಹೇಳಿ ಕಳಿಸಿದೆನಲ್ಲ ಎಂಬುದು ಎಷ್ಟೋ ವರ್ಷ ಸೂಜಿಯ ಜೊತೆಗೇ ಮೇಲೆ ಕೆಳಗೆ ಆಡುತ್ತಿತ್ತು. ಯಾರಿಗೂ ಹೇಳಲಿಲ್ಲ.

ಹತ್ತು ವರ್ಷವಾದ ಮೇಲೆ ರಾಯಾಪುರಕ್ಕೆ ಮನೆ ಬದಲಿಸಿದೆವು. ಟ್ರಂಕು ಬರಿದು ಮಾಡುವಾಗ ಗಂಟು ಸಿಕ್ಕಿತು. ಅಕ್ಕ ಹೋದ ಮೇಲೆ ಅವತ್ತೇ ಮೊದಲ ಸಲ ನೋಟ್‌ಬುಕ್ಕು ತೆರೆದೆ. ಅಕ್ಷರಗಳ ಸಾಲುಗಳು, ಸುರಂಗಗಳ ನಕ್ಷೆಗಳು. ನಡುವೆ ಒಂದು ಹಾಳೆಯಲ್ಲಿ ಬರೀ ಗೀಟುಗಳು. ಕೆಂಪು ಪೆನ್ಸಿಲಿನಲ್ಲಿ ಒಂದು ಎಳೆದು ಒಂದು ಬಿಟ್ಟ ಸಾಲು. ಬಿಟ್ಟ ಕಡೆಯಲ್ಲೆಲ್ಲ ನೀಲಿ ಗೀಟು. ಅವ್ವನಿಗಾಗಿ ಬರೆದ ಸೆರಗಿನ ಅಂಚು ಎಂದುಕೊಂಡೆ. ಕಸೂತಿಯಲ್ಲಿ ಇದಕ್ಕೆ ಗವಂತಿ ಎನ್ನುತ್ತೇವೆ. ಸೂಜಿ ಹೋಗುವಾಗ ಒಂದೊಂದು ಮನೆ ಬಿಟ್ಟು ಹೋಗುತ್ತದೆ, ಬರುವಾಗ ಬಿಟ್ಟದ್ದನ್ನು ತುಂಬುತ್ತ, ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ರೂಢಿಯಂತೆ ಎಣಿಸಿದೆ. ಹದಿಮೂರು ಗೀಟು. ಹೊರಟ ತುದಿಯ ಪಕ್ಕದಲ್ಲಿ ಪುಟ್ಟದೊಂದು ಬಾಗಿಲು.

ಹಮಾಲನಿಗೆ ಜಿಗಿಯಲು ಬರುತ್ತಿತ್ತು. ಹಾವು ಬಂದಾಗ ಬಿಟ್ಟರೆ ನಾವು ಅವನನ್ನು ಜಿಗಿಸಿರಲಿಲ್ಲ.

ಮುಂದಿನ ಹಾಳೆ ತಿರುವಿದೆ. ಉದ್ದನೆಯ ಓಣಿ, ಎಡಕ್ಕೆ ನಳ. ನನ್ನ ಸುಳ್ಳು ಕೋಣೆಗಳು ಅಲ್ಲಿಂದ ಶುರುವಾಗಿದ್ದವು. ಅಂದರೆ ಆ ನಾಲ್ಕನೆಯ ದಿನ ತೊಡೆಯ ಮೇಲೆ ತೆರೆದಿದ್ದದ್ದು ಈ ಗೀಟಿನ ಹಾಳೆ. ಹೇಳಬೇಕೆಂದು ಕಾಯುತ್ತಿದ್ದಳು. ನಾನು ಮೊದಲೇ ಬಾಯಿ ತೆರೆದೆ.

ಹೊಸ ಮನೆಯಲ್ಲಿ ಸಾಮಾನು ಹೊಂದಿಸಿದ ಮೇಲೆ ಒಂದು ಮಧ್ಯಾಹ್ನ ಯಂತ್ರವನ್ನು ಟಿವಿಗೆ ಸಿಕ್ಕಿಸಿದೆ. ಕ್ಯಾಸೆಟ್ಟನ್ನು ಊದಿ, ತೆಗೆದು, ಹಾಕಿ, ನಾಲ್ಕನೇ ಸಲಕ್ಕೆ ಚಿತ್ರ ಬಂತು. ಅಕ್ಕನ ಕಡೆಯ ಸಾಲನ್ನು ಒಂದೊಂದೇ ಅಕ್ಷರ ಹೋಲಿಸಿ ಕೊಟ್ಟೆ. ತಪ್ಪಿರಲಿಲ್ಲ. ನೀರು, ಹದಿಮೂರು ಕಲ್ಲು. ಹೋಗುವಾಗ ಒಂದು ಬಿಟ್ಟು ಒಂದು. ಬರುವಾಗ ಬಿಟ್ಟದ್ದು. ಹಮಾಲ ಹೊರಟಲ್ಲಿಗೇ ಬಂದು ನಿಂತ. ಹಿಂದೆ ಇಡೀ ಸಾಲು ಬೆಳಗುತ್ತಿತ್ತು. ಬಾಗಿಲು ತಳ್ಳಿದೆ, ತೆರೆಯಿತು.

ಒಳಗೆ ಸಣ್ಣ ಕೋಣೆ. ಒಬ್ಬ ಮುದುಕ ಎರಡು ಸಾಲು ಮಾತಾಡಿದ. ಅವನಿಗೆ ಮಾತು ಕೊಡುವವರು ಇರಲಿಲ್ಲ. ನಾನು ಪ್ರಯತ್ನಪಟ್ಟೆ, ಏನೂ ಬರಲಿಲ್ಲ. ಬಾಗಿಲ ಬೆಳಕಿಗೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ ಅವ್ವ ತಲೆ ಎತ್ತದೆ ಅಂದಳು, "ನೀರ ಬಿಟ್ಟಾರೇನಂತ ಕೇಳಾಕತ್ತಿರಬೇಕು."

ಮುದುಕನ ಹಿಂದೆ ಇನ್ನೊಂದು ಬಾಗಿಲಿತ್ತು, ಉಳಿದವಕ್ಕಿಂತ ದೊಡ್ಡದು. ಕಡೆಯ ಖೋಲಿ ಅದೇ ಇರಬೇಕು. ತಳ್ಳಲಿಲ್ಲ. ಪರದೆಯ ಮೇಲೆ ಬಂದ ಅಕ್ಷರಗಳನ್ನು ನನ್ನ ಸುಳ್ಳು ಕೋಣೆಗಳು ಮುಗಿಯುವಲ್ಲಿ, ಖಾಲಿ ಹಾಳೆಯಲ್ಲಿ ಬರೆದುಕೊಂಡೆ. ನಾಲ್ಕನೆಯ ಅಕ್ಷರದ ಬಾಲ ಮೇಲಕ್ಕೋ ಕೆಳಕ್ಕೋ ಸರಿಯಾಗಿ ಕಾಣಲಿಲ್ಲ. ಅಕ್ಕನಿಗೆ ಕಾಣುತ್ತಿತ್ತು. ಮೇಲಕ್ಕೆ ಎಂದು ಎಳೆದು, ಸ್ವಿಚ್ ಆರಿಸಿದೆ.